ಜೋಳದ ಅವಲಕ್ಕಿ: ಹಾಲು-ಸಕ್ಕರೆ ಬಿಡಿ, ಒಗ್ಗರಣೆಗೆ ಇಡಿ

ಮೊದಲ ಸಲ ನಾನು ಮಾಡಿದ ಜೋಳದ ಅವಲಕ್ಕಿ ಅಂಬಲಿಯಾಗಿತ್ತು. ಭತ್ತದ ದಪ್ಪ ಅವಲಕ್ಕಿ ತೊಳೆದ ಹಾಗೆಯೇ ಬೋಗಾಣಿ ತುಂಬ ನೀರು ಹಾಕಿ, ಹತ್ತು ನಿಮಿಷ ಬಿಟ್ಟು, ಹಿಂಡಿ ತೆಗೆದಿದ್ದೆ. ಒಗ್ಗರಣೆಗೆ ಹಾಕಿ ಎರಡು ಸಲ ಕೈಯಾಡಿಸುವಷ್ಟರಲ್ಲಿ ಎಲ್ಲ ಒಂದೇ ಮುದ್ದೆ. ನಮ್ಮ ಅತ್ತೆ ಒಂದು ಚಮಚ ಬಾಯಿಗಿಟ್ಟು, ‘ಚಲೋ ಅದವ್ವ, ಇದಕ್ಕ ಜರಾ ಮಜ್ಜಿಗಿ ಹಾಕು, ಕುಡದು ಬಿಡ್ತೀನಿ’ ಅಂದರು. ಹಾಗೇ ಕುಡಿದರು ಕೂಡ. ಎರಡನೇ ಸಲ ಹೆದರಿ ನೀರು ಕಡಿಮೆ ಮಾಡಿದೆ. ಅದು ಹಲ್ಲಿಗೆ ರಬ್ಬರ್ ಸಿಕ್ಕ ಹಾಗಾಯಿತು. ಮೂರನೇ ಸಲಕ್ಕೆ ಹದ ಸಿಕ್ಕಿತು. ನಿಮಗೆ ಮೊದಲ ಸಲಕ್ಕೇ ಸಿಗಲಿ ಅಂತ ಈ ಬರಹ.

ಕಲಬುರಗಿಯಲ್ಲಿ ಜೋಳ ಅಂದರೆ ರೊಟ್ಟಿ. ಅದು ಬಿಟ್ಟರೆ ನುಚ್ಚು, ಅಂಬಲಿ, ಪಂಚಮಿಗೆ ಅಳ್ಳು (ಹುರಿದು ಅರಳಿಸಿದ ಜೋಳ), ಚಳಿಗಾಲದಲ್ಲಿ ಹೊಲದ ಬದುವಿನ ಮೇಲೆ ಸೀತನಿ, ಅಂದರೆ ಸುಟ್ಟ ಎಳೆ ಜೋಳ. ಅವಲಕ್ಕಿ ಈಚೆಗೆ ಬಂದದ್ದು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಆಚರಿಸಿತಲ್ಲ, ಆಮೇಲೆ ನಮ್ಮ ಕಿರಾಣಿ ಅಂಗಡಿಗಳಲ್ಲೂ ಜೋಳ, ಸಜ್ಜೆ, ರಾಗಿಯ ಅವಲಕ್ಕಿ ಪ್ಯಾಕೆಟ್ ಕಣ್ಣಿಗೆ ಬೀಳೋದು ಜಾಸ್ತಿಯಾಯಿತು. ಅಂಗಡಿಯಲ್ಲಿ ಕೇಳುವಾಗ ‘ಜವಾರಿ ಪೋಹಾ’ ಅಂದರೂ ನಡೆಯುತ್ತದೆ, ‘ಜೋಳದ ಫ್ಲೇಕ್ಸ್’ ಅಂದರೂ ಕೊಡುತ್ತಾರೆ. ಅಕ್ಕಿಯೇ ಇಲ್ಲದ್ದಕ್ಕೆ ಅವಲಕ್ಕಿ ಅನ್ನೋದು ಸರಿಯಾ ಅಂತ ತಕರಾರು ಮಾಡುವವರೂ ಇದ್ದಾರೆ. ಅವರು ಬೇರೆ ಹೆಸರು ಇಟ್ಟುಕೊಳ್ಳಲಿ.

ಮಾಡುವ ಬಗೆ ಸರಳ. ಕಾಳನ್ನು ಹಸನು ಮಾಡಿ, ನೀರಲ್ಲಿ ನೆನೆಸಿ, ಹಬೆಯಲ್ಲಿ ಬೇಯಿಸಿ ಅಥವಾ ಹುರಿದು, ಎರಡು ಉರುಳೆಗಳ ನಡುವೆ ಒತ್ತಿ ಒಣಗಿಸುತ್ತಾರೆ. ಅಂದರೆ ನಿಮ್ಮ ಮನೆಗೆ ಬರುವ ಹೊತ್ತಿಗೇ ಅದು ಅರ್ಧ ಬೆಂದಿರುತ್ತದೆ. ನನ್ನ ಅಂಬಲಿಗೆ ಕಾರಣವೂ ಅದೇ. ಬೆಂದದ್ದನ್ನು ಮತ್ತೆ ನೆನೆಸಿ, ಮತ್ತೆ ಬೇಯಿಸಿದ್ದೆ.

ಅಂಗಡಿಯಲ್ಲೇ ಅರ್ಧ ಕೆಲಸ

ಪ್ಯಾಕೆಟ್‌ನ ಮುಂಭಾಗ ನೋಡಬೇಡಿ. ಅಲ್ಲಿ ಹಸಿರು ಎಲೆ, ತೆನೆ, ನಗುವ ಮಗು ಎಲ್ಲ ಇರುತ್ತದೆ. ಹಿಂದೆ ತಿರುಗಿಸಿ, ಏನೇನು ಹಾಕಿದ್ದಾರೆ ಅನ್ನುವ ಸಾಲು ಓದಿ. ಯಾವುದು ತೂಕದಲ್ಲಿ ಜಾಸ್ತಿಯೋ ಅದನ್ನು ಮೊದಲು ಬರೆಯಬೇಕು ಅಂತ ನಿಯಮವಿದೆ. ‘ಜೋಳ’ ಅಂತ ಒಂದೇ ಪದ ಇದ್ದರೆ ತೊಗೊಳ್ಳಿ. ಎರಡನೆಯದೋ ಮೂರನೆಯದೋ ಸಕ್ಕರೆ, ಮಾಲ್ಟ್, ಗ್ಲೂಕೋಸ್ ಸಿರಪ್ ಅಂತ ಇದ್ದರೆ ವಾಪಸ್ ಇಡಿ. ‘ಮಲ್ಟಿಗ್ರೇನ್’ ಅನ್ನುವ ಪದಕ್ಕೂ ಮರುಳಾಗಬೇಡಿ. ಒಂದಕ್ಕಿಂತ ಜಾಸ್ತಿ ಬಗೆಯ ಕಾಳು ಇದೆ ಅಂತ ಅರ್ಥ, ಅಷ್ಟೇ. ಎಲ್ಲವೂ ಹೊಟ್ಟು ತೆಗೆದ ಕಾಳು ಆಗಿರಬಹುದು.

ಹೊಟ್ಟಿನ ಮಾತು ಸ್ವಲ್ಪ ಬಿಡಿಸಿ ಹೇಳಬೇಕು. ಕಾಳಿಗೆ ಮೂರು ಭಾಗ. ಮೇಲಿನ ಹೊಟ್ಟು, ಒಳಗಿನ ಹಿಟ್ಟು, ತುದಿಯಲ್ಲಿ ಮೊಳಕೆ ಒಡೆಯುವ ಕಣ್ಣು. ಮೂರೂ ಉಳಿದಿದ್ದರೆ ಮಾತ್ರ ಅದು ಇಡೀ ಕಾಳು. ನಾರು ಬಹುಪಾಲು ಹೊಟ್ಟಿನಲ್ಲಿರುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು, 10 ಗ್ರಾಂ ಪ್ರೋಟೀನ್ ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ನಾರು 3 ಗ್ರಾಂ ಕೂಡ ಮುಟ್ಟುವುದಿಲ್ಲ. ಪ್ಯಾಕೆಟ್ ಮೇಲೆ ನಾರಿನ ಲೆಕ್ಕ ಬರೆದಿದ್ದರೆ ಅದನ್ನು ನೋಡಿ. 10ರ ಆಸುಪಾಸು ಇದ್ದರೆ ಹೊಟ್ಟು ಉಳಿದಿದೆ. ಮೂರೋ ನಾಲ್ಕೋ ಇದ್ದರೆ ಹೊಟ್ಟು ಹಾರಿಹೋಗಿರಬಹುದು. ಇನ್ನು ಕಾರ್ನ್‌ಫ್ಲೇಕ್ಸ್? ಅದನ್ನು ಸಾಮಾನ್ಯವಾಗಿ ಹೊಟ್ಟೂ ಕಣ್ಣೂ ತೆಗೆದ ಗೋವಿನಜೋಳದ ನುಚ್ಚಿನಿಂದ ಮಾಡುತ್ತಾರೆ. ಜೊತೆಗೆ ಸಕ್ಕರೆ, ಉಪ್ಪು. ಹೆಸರಲ್ಲಿ ಜೋಳ ಇದೆ ಅಂತ ಎರಡನ್ನೂ ಒಂದೇ ಸಾಲಲ್ಲಿ ಕೂರಿಸಬೇಡಿ.

ಬಿಡಿಯಾಗಿ ತೂಗಿ ಕೊಡುವ ಕಡೆ ಒಂದು ಚಿಟಿಕೆ ಬಾಯಿಗೆ ಹಾಕಿ ನೋಡಿ. ಅಗಿದ ಮೇಲೆ ಕೊನೆಗೆ ಕಹಿ ಅಥವಾ ಹಳೇ ಎಣ್ಣೆಯ ಕಮಟು ಬಂದರೆ ಅದು ಹಳೇ ಮಾಲು. ಸಜ್ಜೆಯಲ್ಲಿ ಇದು ಬೇಗ ಆಗುತ್ತದೆ, ಯಾಕಂದರೆ ಅದರಲ್ಲಿ ಎಣ್ಣೆಯ ಅಂಶ ಜೋಳಕ್ಕಿಂತ ಜಾಸ್ತಿ. ಸಜ್ಜೆಯದ್ದನ್ನು ಕಾಲು ಕಿಲೋಗಿಂತ ಜಾಸ್ತಿ ತರಲೇಬೇಡಿ.

ಕೊನೆಯದಾಗಿ ದಪ್ಪವೋ ತೆಳುವೋ ನೋಡಿ. ಒಗ್ಗರಣೆಗೆ ದಪ್ಪದ್ದೇ ಬೇಕು. ಹಚ್ಚಿದ ಅವಲಕ್ಕಿಗೆ, ಮೊಸರಿಗೆ ತೆಳುವಾದದ್ದು.

ನೀರಿನ ಹದ

ಎಲ್ಲ ಇರುವುದು ಇಲ್ಲೇ. ಮೊದಲು ಸಾಣಿಗೆಯಲ್ಲಿ ಹಾಕಿ ಅಲ್ಲಾಡಿಸಿ. ಕೆಳಗೆ ಬೀಳುವ ಪುಡಿಯೇ ಆಮೇಲೆ ಅಂಟಾಗುವುದು. ಆ ಪುಡಿ ಚೆಲ್ಲಬೇಡಿ, ರೊಟ್ಟಿ ಹಿಟ್ಟಿಗೆ ಸೇರಿಸಿ.

ನಾಲ್ಕು ಜನಕ್ಕೆ 200 ಗ್ರಾಂ ದಪ್ಪ ಅವಲಕ್ಕಿ ಸಾಕು. ತೂತಿನ ಜಾಲಿಯಲ್ಲಿ ಹಾಕಿ, ನಲ್ಲಿಯ ಕೆಳಗೆ ಹಿಡಿದು, ಕೈಯಿಂದ ಮೇಲೆ ಕೆಳಗೆ ಮಾಡುತ್ತ ಎರಡು ಸಲ ತೊಳೆಯಿರಿ. ನೀರಲ್ಲಿ ಮುಳುಗಿಸಿ ಇಡಬೇಡಿ. ಜಾಲಿಯನ್ನು ಓರೆಯಾಗಿಟ್ಟು, ಮೇಲೊಂದು ತಾಟು ಮುಚ್ಚಿ, ಎಂಟು ನಿಮಿಷ ಬಿಡಿ. ಮೈಗೆ ಹತ್ತಿದ ನೀರನ್ನೇ ಅದು ನಿಧಾನಕ್ಕೆ ಎಳೆದುಕೊಳ್ಳುತ್ತದೆ.

ಈಗ ಒಂದೇ ಒಂದು ಅವಲಕ್ಕಿ ತೆಗೆದು ಹೆಬ್ಬೆರಳು, ತೋರುಬೆರಳಿನ ನಡುವೆ ಒತ್ತಿ. ಅಂಚು ಮೆತ್ತಗಾಗಿ, ನಡುವೆ ಸಾಸಿವೆ ಕಾಳಿನಷ್ಟು ಬಿಳಿ ಚುಕ್ಕೆ ಗಟ್ಟಿಯಾಗಿ ಸಿಗಬೇಕು. ಅದೇ ಹದ. ಚುಕ್ಕೆ ದೊಡ್ಡದಿದ್ದರೆ ನೀರು ಚಿಮುಕಿಸಿ ಮತ್ತೆ ಮೂರು ನಿಮಿಷ ಮುಚ್ಚಿಡಿ. ಚುಕ್ಕೆಯೇ ಇಲ್ಲದೆ ಬೆರಳಿಗೆ ಮೆತ್ತಿಕೊಂಡರೆ ತಡವಾಗಿದೆ. ತಾಟಿನಲ್ಲಿ ಹರವಿ ಫ್ಯಾನ್ ಕೆಳಗೆ ಇಡಿ, ಒಂದಿಷ್ಟು ಸುಧಾರಿಸುತ್ತದೆ. ಪ್ರತಿ ಪ್ಯಾಕೆಟ್‌ನ ದಪ್ಪ ಬೇರೆ ಬೇರೆ. ಹಾಗಾಗಿ ಹೊಸದು ತಂದಾಗ ಮೊದಲು ಒಂದು ಚಮಚ ಮಾತ್ರ ನೆನೆಸಿ ನೋಡುವುದು ಕ್ಷೇಮ.

ಒಗ್ಗರಣೆ

ಕಡಾಯಿಗೆ ಮೂರು ಚಮಚ ಎಣ್ಣೆ. ಕುಸುಬಿ ಎಣ್ಣೆ ಸಿಕ್ಕರೆ ಅದೇ, ಇಲ್ಲದಿದ್ದರೆ ಶೇಂಗಾ ಎಣ್ಣೆ. ಮೊದಲು ಒಂದು ಹಿಡಿ ಶೇಂಗಾ ಹಾಕಿ ಕೆಂಪಗೆ ಹುರಿದು ತೆಗೆದಿಡಿ. ಅದೇ ಎಣ್ಣೆಗೆ ಸಾಸಿವೆ, ಜೀರಿಗೆ, ಕರಿಬೇವು, ಸೀಳಿದ ನಾಲ್ಕು ಹಸಿಮೆಣಸಿನಕಾಯಿ, ಜಜ್ಜಿದ ಐದಾರು ಎಸಳು ಬೆಳ್ಳುಳ್ಳಿ. ಆಮೇಲೆ ಹೆಚ್ಚಿದ ಎರಡು ಉಳ್ಳಾಗಡ್ಡಿ. ಅದು ಪೂರ್ತಿ ಕೆಂಪಾಗುವುದು ಬೇಡ, ಮೆತ್ತಗಾದರೆ ಸಾಕು.

ಇಲ್ಲಿ ಒಂದು ಬಟ್ಟಲು ಮೊಳಕೆ ಬಂದ ಮಡಕಿ ಕಾಳು ಅಥವಾ ಹೆಸರು ಕಾಳು ಹಾಕಿ. ನೀರು ಚಿಮುಕಿಸಿ, ಮುಚ್ಚಿ, ಐದು ನಿಮಿಷ ಬೇಯಿಸಿ. ಇದು ರುಚಿಗೆ ಅಂತ ಹೇಳುತ್ತಿಲ್ಲ. ಜೋಳದ ಪ್ರೋಟೀನಿನಲ್ಲಿ ಲೈಸಿನ್ ಅನ್ನುವ ಅಂಶ ಕಡಿಮೆ. ಬೇಳೆಕಾಳಿನಲ್ಲಿ ಅದು ಧಾರಾಳವಾಗಿದೆ. ರೊಟ್ಟಿಯ ಜೊತೆ ಬ್ಯಾಳಿ, ಝುಣಕ, ಕಾಳುಪಲ್ಯ ಇಟ್ಟುಕೊಂಡು ಬಂದ ನಮ್ಮ ಹಿರಿಯರಿಗೆ ಲೈಸಿನ್ ಹೆಸರು ಗೊತ್ತಿರಲಿಲ್ಲ, ತಾಟು ಮಾತ್ರ ಸರಿಯಾಗಿತ್ತು. ಅವಲಕ್ಕಿಗೆ ಬಂದ ಕೂಡಲೇ ನಾವು ಅದನ್ನು ಮರೆತುಬಿಡುತ್ತೇವೆ. ಬರೀ ಅವಲಕ್ಕಿ ತಿಂದು ಹನ್ನೊಂದಕ್ಕೆಲ್ಲ ಹಸಿವು ಅನ್ನುತ್ತೇವೆ.

ಕಾಳು ಬೆಂದ ಮೇಲೆ ಅರಿಶಿನ, ಒಂದು ಸಣ್ಣ ಚಮಚ ಉಪ್ಪು. ಉಪ್ಪನ್ನು ಒಗ್ಗರಣೆಯಲ್ಲೇ ಕಲಸಿ, ಅವಲಕ್ಕಿಯ ಮೇಲೆ ಉದುರಿಸಬೇಡಿ. ಮೇಲೆ ಉದುರಿಸಿದರೆ ಅಲ್ಲಲ್ಲಿ ಕೂತು, ಕಡಿಮೆ ಅನ್ನಿಸಿ, ಮತ್ತೆ ಹಾಕುತ್ತೀರಿ. ದಿನಕ್ಕೆ ಒಬ್ಬರಿಗೆ ಎಲ್ಲ ಸೇರಿ 5 ಗ್ರಾಂ ಉಪ್ಪು ಮೀರಬಾರದು ಅಂತಾರೆ. ನಮ್ಮ ಉಪ್ಪಿನಕಾಯಿ, ಹಿಂಡಿ (ಚಟ್ನಿಪುಡಿ), ಹಪ್ಪಳವೇ ಅದರಲ್ಲಿ ಅರ್ಧ ನುಂಗುತ್ತವೆ.

ಈಗ ಉರಿ ಸಣ್ಣ ಮಾಡಿ ಅವಲಕ್ಕಿ ಸುರಿಯಿರಿ. ಚಮಚದಿಂದ ಒತ್ತಬೇಡಿ, ಕೆಳಗಿನಿಂದ ಮೇಲಕ್ಕೆ ಎತ್ತಿ ಎತ್ತಿ ಹಾಕಿ. ಮುಚ್ಚಳ ಮುಚ್ಚಿ ನಾಲ್ಕು ನಿಮಿಷ. ಆ ಬಿಳಿ ಚುಕ್ಕೆ ಈ ಹಬೆಯಲ್ಲಿ ಬೇಯುತ್ತದೆ. ಒಲೆ ಆರಿಸಿ ಎರಡು ನಿಮಿಷ ಬಿಟ್ಟು ಮುಚ್ಚಳ ತೆಗೆಯಿರಿ. ಶೇಂಗಾ, ಕೋತಂಬರಿ, ಒಂದು ಲಿಂಬೆ ಹಣ್ಣಿನ ರಸ. ಲಿಂಬೆ ಬಿಡಬೇಡಿ. ಕಾಳಿನಲ್ಲಿರುವ ಕಬ್ಬಿಣ ಮೈಗೆ ಹತ್ತಲು ಅದರ ಹುಳಿ ಬೇಕು. ಅದೇ ಕಬ್ಬಿಣವನ್ನು ಚಹಾ ತಡೆಯುತ್ತದೆ. ಹಾಗಾಗಿ ತಟ್ಟೆಯ ಪಕ್ಕದಲ್ಲೇ ಚಹಾ ಇಡಬೇಡಿ, ಒಂದು ತಾಸು ಆಮೇಲೆ ಕುಡಿಯಿರಿ. ನಮ್ಮ ಊರಲ್ಲಿ ಇದು ಕಷ್ಟದ ಮಾತು ಅಂತ ನನಗೂ ಗೊತ್ತು. ಪಕ್ಕದಲ್ಲಿ ಮಿರ್ಚಿ ಭಜಿ ಇಲ್ಲದೆ ಸೂಸಲಾ (ಮಂಡಕ್ಕಿ ಒಗ್ಗರಣೆ) ಇಳಿಯದ ಊರಿದು. ಭಾನುವಾರ ಅದೂ ಇರಲಿ, ಒಂದೇ ಒಂದು.

ಬೇಸಿಗೆಗೆ, ರಾತ್ರಿಗೆ, ಸಂಜೆಗೆ

ಏಪ್ರಿಲ್ ಬಂತೆಂದರೆ ಬಿಸಿಲು 40 ಡಿಗ್ರಿ ದಾಟುತ್ತದೆ, ಒಲೆ ಹತ್ತಿರ ನಿಲ್ಲಲು ಯಾರಿಗೂ ಮನಸ್ಸಿರುವುದಿಲ್ಲ. ಆಗ ತೆಳು ಅವಲಕ್ಕಿಗೆ ಗಟ್ಟಿ ಮಜ್ಜಿಗೆ, ಹುರಿದ ಜೀರಿಗೆ ಪುಡಿ, ಹೆರೆದ ಸವತೆಕಾಯಿ, ಒಂದು ಚಮಚ ಅಗಸಿ ಹಿಂಡಿ. ಐದು ನಿಮಿಷ ಬಿಟ್ಟು ತಿನ್ನಿ. ಅಷ್ಟೇ.

ರಾತ್ರಿ ರೊಟ್ಟಿ ಬಡಿಯಲು ಬೇಸರವಾದರೆ ಉಳಿದ ಬ್ಯಾಳಿಯನ್ನು ಸ್ವಲ್ಪ ತೆಳುವಾಗಿ ಕುದಿಸಿ, ತೊಳೆದ ದಪ್ಪ ಅವಲಕ್ಕಿ ಹಾಕಿ, ಒಂದು ಹಿಡಿ ಮೆಂತ್ಯ ಸೊಪ್ಪು ಸೇರಿಸಿ. ಏಳೆಂಟು ನಿಮಿಷದಲ್ಲಿ ಖಿಚಡಿಯ ಹದಕ್ಕೆ ಬರುತ್ತದೆ. ಇಲ್ಲಿ ಮುದ್ದೆಯಾದರೂ ಚಿಂತೆಯಿಲ್ಲ. ತೊಗರಿ ನಮ್ಮದೇ ಆದರೆ ಇನ್ನೂ ಚಲೋ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ಊರಿನದೇ ಅನ್ನುವ ಅಧಿಕೃತ ಗುರುತು ಸಿಕ್ಕಿದೆ. ಆದರೂ ಅಂಗಡಿಯಲ್ಲಿ ಯಾವ ಊರಿನ ಬೇಳೆ ಅಂತ ಕೇಳುವ ಅಭ್ಯಾಸ ನಮಗಿನ್ನೂ ಬಂದಿಲ್ಲ.

ಸಂಜೆಗೆ ಹಚ್ಚಿದ ಅವಲಕ್ಕಿ. ತೆಳುವಾದದ್ದನ್ನು ಎಣ್ಣೆಯಲ್ಲಿ ಕರಿಯದೆ, ಸಣ್ಣ ಉರಿಯಲ್ಲಿ ಸುಮ್ನೆ ಹುರಿಯಿರಿ. ಕೈಯಲ್ಲಿ ಹಿಡಿದರೆ ಕರಕರ ಅಂತ ಮುರಿಯಬೇಕು. ಪುಟಾಣಿ, ಶೇಂಗಾ, ಕರಿಬೇವಿನ ಒಗ್ಗರಣೆಗೆ ಎರಡೇ ಚಮಚ ಎಣ್ಣೆ ಸಾಕು. ಸಣ್ಣ ಮಕ್ಕಳಿಗೆ ಕೊಡುವಾಗ ಶೇಂಗಾ ಕುಟ್ಟಿ ಹಾಕಿ, ಇಡೀ ಕಾಳು ಗಂಟಲಿಗೆ ಸಿಕ್ಕಿಕೊಳ್ಳಬಹುದು.

ಸಜ್ಜೆಯದ್ದು ಚಳಿಗಾಲಕ್ಕೆ. ಸಂಕ್ರಾಂತಿಗೆ ಸಜ್ಜಿ ರೊಟ್ಟಿಗೆ ಎಳ್ಳು ಹಚ್ಚುತ್ತೇವಲ್ಲ, ಅದೇ ಜೋಡಿ ಇಲ್ಲೂ ಹೊಂದುತ್ತದೆ. ಬಿಸಿ ಹಾಲಿಗೆ ಹುರಿದ ಸಜ್ಜೆ ಅವಲಕ್ಕಿ, ಎಳ್ಳು, ಸ್ವಲ್ಪ ಬೆಲ್ಲ. ಬೆಲ್ಲವೂ ಸಕ್ಕರೆಯ ಅಣ್ಣತಮ್ಮನೇ, ಆದ್ದರಿಂದ ಸ್ವಲ್ಪ ಅಂದರೆ ಸ್ವಲ್ಪವೇ.

ಸಕ್ಕರೆ ಕಾಯಿಲೆ ಇದ್ದವರು

‘ಜೋಳದ್ದಲ್ವಾ, ಎಷ್ಟು ತಿಂದರೂ ನಡೀತದ’ ಅನ್ನುವ ಮಾತು ನಮ್ಮ ಓಣಿಯಲ್ಲಿ ಜೋರಾಗಿ ಓಡುತ್ತಿದೆ. ನಡೆಯುವುದಿಲ್ಲ. ಬೇಯಿಸಿ ಒತ್ತಿದ ಕಾಳು ಇಡೀ ಕಾಳಿಗಿಂತ ಬೇಗ ಕರಗುತ್ತದೆ. ಎಷ್ಟು ತೆಳುವೋ ಅಷ್ಟು ಬೇಗ, ರಕ್ತಕ್ಕೆ ಸಕ್ಕರೆಯೂ ಅಷ್ಟು ಬೇಗ. ಆದ್ದರಿಂದ ದಪ್ಪದ್ದನ್ನೇ ಆರಿಸಿ. ಒಣ ಅವಲಕ್ಕಿ ಒಬ್ಬರಿಗೆ 40ರಿಂದ 50 ಗ್ರಾಂ ಸಾಕು, ತಟ್ಟೆಯ ಉಳಿದ ಜಾಗವನ್ನು ಮೊಳಕೆ ಕಾಳು, ತರಕಾರಿ, ಮೊಸರು ತುಂಬಲಿ. ತಿಂದ ಎರಡು ತಾಸಿಗೆ ಒಮ್ಮೆ ಸಕ್ಕರೆ ಪರೀಕ್ಷೆ ಮಾಡಿ ನೋಡಿದರೆ ನಿಮ್ಮ ಮೈಗೆ ಎಷ್ಟು ಸೇರುತ್ತದೆ ಅಂತ ಗೊತ್ತಾಗುತ್ತದೆ. ಗುಳಿಗೆ, ಇನ್ಸುಲಿನ್ ಮಾತ್ರ ಡಾಕ್ಟರನ್ನು ಕೇಳದೆ ಹೆಚ್ಚುಕಡಿಮೆ ಮಾಡಬೇಡಿ.

ಇಷ್ಟು ದಿನ ಅನ್ನ, ಬ್ರೆಡ್ಡಿನಲ್ಲೇ ಇದ್ದವರು ಒಮ್ಮೆಲೇ ದಿನಾ ಶುರು ಮಾಡಿದರೆ ಹೊಟ್ಟೆ ಉಬ್ಬರಿಸುತ್ತದೆ. ವಾರಕ್ಕೆ ಎರಡು ಸಲ ಅಂತ ಶುರು ಮಾಡಿ, ನೀರು ಚೆನ್ನಾಗಿ ಕುಡಿಯಿರಿ.

ಡಬ್ಬಿ ಮತ್ತು ಮಿಕ್ಕಿದ್ದು

ಪ್ಯಾಕೆಟ್ ಒಡೆದ ಮೇಲೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿ, ಒಲೆಯ ಪಕ್ಕದ ಕಪಾಟಿನಲ್ಲಿ ಇಡಬೇಡಿ. ಶಾಖಕ್ಕೆ ಕಮಟು ಬೇಗ ಬರುತ್ತದೆ. ಮಳೆಗಾಲದಲ್ಲಿ ಮೆತ್ತಗಾದರೆ ಕಡಾಯಿಯಲ್ಲಿ ಎರಡು ನಿಮಿಷ ಬೆಚ್ಚಗೆ ಮಾಡಿದರೆ ಮತ್ತೆ ಗರಿಗರಿ.

ಒಗ್ಗರಣೆ ಅವಲಕ್ಕಿ ಮಿಕ್ಕರೆ ಮಧ್ಯಾಹ್ನಕ್ಕೆ ಅದು ಒಣಗಿ ಗಟ್ಟಿಯಾಗಿರುತ್ತದೆ. ಬಿಸಿ ಮಾಡಿ ಉಪಯೋಗವಿಲ್ಲ. ಎರಡು ಚಮಚ ಮೊಸರು, ಒಂದು ಹಿಡಿ ಕಡಲೆ ಹಿಟ್ಟು, ಒಂದು ಹಿಡಿ ಜೋಳದ ಹಿಟ್ಟು, ಸ್ವಲ್ಪ ಅಜವಾನ ಹಾಕಿ ಕಲಸಿ. ಒದ್ದೆ ಬಟ್ಟೆಯ ಮೇಲೆ ತಟ್ಟಿ, ನಡುವೆ ಬೆರಳಿಂದ ತೂತು ಮಾಡಿ, ಹಂಚಿಗೆ ಹಾಕಿ. ತೂತಿಗೆ ಎರಡು ಹನಿ ಎಣ್ಣೆ. ಥಾಲಿಪಟ್ಟು. ನಮ್ಮ ಅತ್ತೆ ಇದಕ್ಕಾಗಿಯೇ ಬೆಳಗ್ಗೆ ‘ಜರಾ ಜಾಸ್ತಿ ಮಾಡು’ ಅನ್ನುತ್ತಾರೆ.