ಜೀಪಿನ ಬ್ಲೇಡ್ ಬಿಚ್ಚಿದ್ದು ಎರಡು ಸಲ

ಮೂಡಿಗೆರೆ ಕಡೆಯ ತೋಟದ ದಾರಿಗಳಲ್ಲಿ ಮೂರು ದಶಕ ದುಡಿದ ನಮ್ಮ ಮಹೀಂದ್ರ ಜೀಪು ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಬಲಕ್ಕೆ ವಾಲಿ ನಿಲ್ಲತೊಡಗಿತ್ತು. ಕಾಫಿ ಕಣದ ಸಮತಟ್ಟಿನಲ್ಲಿ ನಿಲ್ಲಿಸಿ, ಟೈರುಗಳ ಗಾಳಿಯನ್ನು ಸಮ ಮಾಡಿ, ಹಿಂದಿನ ಪ್ರತಿ ಚಕ್ರದ ಮಧ್ಯಬಿಂದುವಿನಿಂದ ಬಾಡಿಯ ಅಂಚಿನವರೆಗೆ ಅಳೆದಾಗ ಬಲಬದಿ 28 ಮಿಲಿಮೀಟರ್ ತಗ್ಗಿರುವುದು ಕಂಡಿತು.

ಚಾಸಿಯನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ, ಆಕ್ಸಲ್‌ಗೆ ಜಾಕಿಯ ಆಸರೆ ಕೊಟ್ಟು ಬಲಬದಿಯ ಬ್ಲೇಡುಗಳ ಕಟ್ಟನ್ನು, ಅಂದರೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗನ್ನು, ಇಳಿಸಿದೆ. ಕಟ್ಟಿನ ತುದಿಯನ್ನು ಚಾಸಿಗೆ ಕೂಡಿಸುವ ಶಾಕಲ್ ಕೊಂಡಿಯ ಬೋಲ್ಟು ತುಕ್ಕಿನಿಂದ ಕಚ್ಚಿಕೊಂಡಿದ್ದು, ಎರಡು ರಾತ್ರಿ ಡೀಸೆಲ್ ಕುಡಿಸಿದರೂ ಕದಲದೆ, ಕೊನೆಗೆ ಗರಗಸದಿಂದಲೇ ಕೊಯ್ಯಬೇಕಾಯಿತು. ಬ್ಲೇಡುಗಳ ನಡುವಿನ ಸೆಂಟರ್ ಬೋಲ್ಟನ್ನು ಬಿಚ್ಚುವ ಮೊದಲು ಅದರ ಎರಡೂ ಬದಿಗೆ ಕ್ಲಾಂಪ್ ಹಾಕಿಕೊಂಡೆ. ಹಾಗೆ ಮಾಡದಿದ್ದರೆ ಕಟ್ಟು ಒಮ್ಮೆಲೇ ಬಿಡಿಸಿಕೊಂಡು ಕೈಗೆ ಹೊಡೆಯುತ್ತದೆ.

ತಂತಿ ಬ್ರಷ್ಷಿನಿಂದ ಉಜ್ಜಿದ ಮೇಲೂ ಬಿರುಕು ಕಣ್ಣಿಗೆ ಬೀಳಲಿಲ್ಲ. ಪ್ರತಿ ಬ್ಲೇಡಿಗೂ ಸೀಮೆಎಣ್ಣೆ ಸವರಿ, ಅರ್ಧ ಗಂಟೆ ಬಿಟ್ಟು ಒಣಬಟ್ಟೆಯಿಂದ ಒರೆಸಿ, ಸೀಮೆಸುಣ್ಣದ ಪುಡಿ ಹಚ್ಚಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ, ಮೂರನೆಯ ಬ್ಲೇಡಿನಲ್ಲಿ ಸೆಂಟರ್ ಬೋಲ್ಟಿನ ತೂತಿನಿಂದ ಹೊರಟ ಕಪ್ಪು ಗೆರೆಯೊಂದು ಬಿಳಿ ಪುಡಿಯ ಮೇಲೆ ಮೂಡಿತು. ಬಿರುಕಿನೊಳಗೆ ಉಳಿದ ಎಣ್ಣೆ ಹೊರಗೆ ಒಸರಿದ್ದೇ ಆ ಗೆರೆ. ಅದನ್ನು ವೆಲ್ಡ್ ಮಾಡಿಸುವ ಸಲಹೆ ಬಂದಿತಾದರೂ, ಆ ಕಾವಿಗೆ ಉಕ್ಕಿನ ಹದ ಹೋಗಿ ಬ್ಲೇಡು ಪಕ್ಕದಲ್ಲೇ ಮತ್ತೆ ಮುರಿಯುತ್ತದೆಯಾದ್ದರಿಂದ ಹೊಸದನ್ನೇ ತಂದೆ. ಉಳಿದವುಗಳನ್ನು, ಎಡಬದಿಯ ಬಾಗನ್ನು ಹಲಗೆಯ ಮೇಲೆ ಗುರುತಿಸಿಕೊಂಡು ಹೋಗಿ, ಕಮ್ಮಾರರಿಂದ ಕಾಯಿಸದೆ ತಣ್ಣಗೇ ಬಡಿಸಿ ಬಾಗಿಸಿಕೊಂಡು ಬಂದೆ.

ತಪ್ಪು ನಡೆದದ್ದು ಜೋಡಿಸುವಾಗ. ಬ್ಲೇಡಿನ ತುದಿಯ ಸುರುಳಿಯಲ್ಲಿ, ಅಂದರೆ ಕಣ್ಣಿನಲ್ಲಿ, ಬೋಲ್ಟಿನ ಸುತ್ತ ಕೂರುವ ಹೊಸ ರಬ್ಬರ್ ಬುಷ್ಷುಗಳನ್ನು ಹಾಕಿ, ಚಕ್ರ ಇನ್ನೂ ಗಾಳಿಯಲ್ಲಿ ತೂಗುತ್ತಿರುವಾಗಲೇ ಬೋಲ್ಟುಗಳನ್ನೆಲ್ಲ ಪೂರ್ತಿ ಬಿಗಿದುಬಿಟ್ಟೆ. ಜೀಪು ನೆಲಕ್ಕಿಳಿದಾಗ ಬ್ಲೇಡು ಚಪ್ಪಟೆಯಾಗಿ ಅದರ ಕಣ್ಣು ತಿರುಗುತ್ತದೆ. ಬೋಲ್ಟಿನ ಹಿಡಿತದಲ್ಲಿರುವ ರಬ್ಬರ್ ಜಾರಲಾರದೆ ತಿರುಚಿಕೊಂಡೇ ಉಳಿಯುತ್ತದೆ. ನಾಲ್ಕು ತಿಂಗಳಲ್ಲಿ ಬುಷ್ಷು ಹರಿದು ಕಿರಗುಟ್ಟುವಿಕೆ ಶುರುವಾಯಿತು. ಬುಷ್ಷು ಕಳಪೆಯೆಂದು ಅಂಗಡಿಯವರನ್ನು ಬೈಯಲು ಹೊರಟವನು ಹರಿದ ತುಂಡನ್ನು ಕೈಯಲ್ಲಿ ಹಿಡಿದು ನೋಡಿದ ಮೇಲೆ ಸುಮ್ಮನಾದೆ.

ಎರಡನೆಯ ಬಾರಿ ನಟ್ಟುಗಳನ್ನು ಕೈಬಿಗಿಯಲ್ಲಿಟ್ಟು ಜೀಪನ್ನು ಇಳಿಸಿ, ಹಿಂದಕ್ಕೂ ಮುಂದಕ್ಕೂ ತಳ್ಳಿ, ಬ್ಲೇಡು ತನ್ನ ಜಾಗಕ್ಕೆ ಕೂತ ಮೇಲಷ್ಟೇ ಬಿಗಿದೆ. ಕಟ್ಟನ್ನು ಆಕ್ಸಲ್ಲಿಗೆ ಬಿಗಿಹಿಡಿಯುವ ಯು ಬೋಲ್ಟುಗಳನ್ನು ಹೊಸದಾಗಿ ಹಾಕಿ ಮೂಲೆಯಿಂದ ಮೂಲೆಗೆ ಸ್ವಲ್ಪಸ್ವಲ್ಪವಾಗಿ ಬಿಗಿದಿದ್ದೆ. 200 ಕಿಲೋಮೀಟರ್ ಓಡಿಸಿ ನೋಡಿದಾಗ ಪ್ರತಿಯೊಂದು ನಟ್ಟೂ ಕಾಲು ಸುತ್ತು ತೆಗೆದುಕೊಂಡಿತು. ಈಗ ಎರಡು ಬದಿಗಳ ವ್ಯತ್ಯಾಸ 6 ಮಿಲಿಮೀಟರ್. ಎಡಬದಿಯ ಬುಷ್ಷುಗಳೂ ಸವೆದಿವೆ, ಮಳೆ ಹಿಡಿಯುವ ಮೊದಲು ಅವನ್ನು ಬಿಚ್ಚಬೇಕು.