ಐಸ್ ಶೆಲ್ಫ್ ಅಡಿಗೆ ಗ್ಲೈಡರ್ ಬಿಡುವ ಮುನ್ನ

ಗ್ಲೈಡರ್ ಎಂದರೆ ತನ್ನ ತೇಲುವಿಕೆಯನ್ನು ಬದಲಿಸುತ್ತಾ ಮುಳುಗಿ ಏಳುತ್ತಾ ಸಾಗಿ ಸಮುದ್ರವನ್ನು ಅಳೆಯುವ ಮಾನವರಹಿತ ಯಂತ್ರ. ತೆರೆದ ಸಮುದ್ರದಲ್ಲಿ ಅದಕ್ಕೆ ಏನೇ ತೊಂದರೆಯಾದರೂ ಮೇಲೆ ಬಂದು ಉಪಗ್ರಹದ ಮೂಲಕ ಸುದ್ದಿ ಮುಟ್ಟಿಸುತ್ತದೆ. ತಲೆಯ ಮೇಲೆ ನೂರಾರು ಮೀಟರ್ ದಪ್ಪದ ಐಸ್ ಶೆಲ್ಫ್ (ನೆಲದ ಹಿಮ ಸಮುದ್ರದ ಮೇಲೆ ಚಾಚಿ ತೇಲುವ ಹಾಸು) ಇದ್ದರೆ ಆ ದಾರಿಯೇ ಇಲ್ಲ. ಹಾಗಾಗಿ ವಾಪಸಾಗುವ ನಿಯಮವನ್ನೇ ನಾವು ಮೊದಲು ಬರೆಯುತ್ತೇವೆ: ಬ್ಯಾಟರಿ ಇಷ್ಟಕ್ಕಿಳಿದರೆ, ಇಷ್ಟು ಗಂಟೆ ಸ್ಥಾನ ಗೊತ್ತಾಗದಿದ್ದರೆ, ಮೇಲೇರದೆ ಹೊರಮುಖವಾಗಿ ತಿರುಗು. ಅಂಟಾರ್ಕ್ಟಿಕಾದ ಡಾಟ್ಸನ್ ಐಸ್ ಶೆಲ್ಫಿನ ತಳವನ್ನು 2022ರಲ್ಲಿ ಅಳೆದು ತಂದ 'ರಾನ್' ಎಂಬ ಮಾನವರಹಿತ ಜಲಾಂತರ್ಗಾಮಿ ವಾಹನ 2024ರ ಜನವರಿಯಲ್ಲಿ ಅದೇ ಹಿಮದಡಿಗೆ ಹೋಗಿ ಮರಳಲಿಲ್ಲ. ವಾಹನ ಹೋದರೆ ಅದರೊಳಗಿನ ಮಾಹಿತಿಯೂ ಹೋದಂತೆ.

ಹೆಚ್ಚು ತಾಳ್ಮೆ ಬೇಡುವುದು ತೂಕ ಹೊಂದಿಸುವ ಕೆಲಸ. ಹಿಮ ಕರಗಿದಲ್ಲಿ ನೀರಿನ ಉಪ್ಪಿನಂಶ ಇಳಿಯುತ್ತದೆ. ಲೀಟರಿಗೆ ಸುಮಾರು ಒಂದು ಗ್ರಾಂ ಉಪ್ಪು ಕಡಿಮೆಯಾದರೂ 60 ಲೀಟರ್ ಗಾತ್ರದ ಗ್ಲೈಡರ್ ಮೇಲೆ ಸುಮಾರು 50 ಗ್ರಾಂ ಹೇರಿದಂತಾಗುತ್ತದೆ. ಗ್ಲೈಡರಿನ ಗಾತ್ರವನ್ನು ಹಿಗ್ಗಿಸಿ ಕುಗ್ಗಿಸಿ ಏಳಿಸುವ, ಮುಳುಗಿಸುವ ಎಣ್ಣೆಯ ಪಂಪು ಸರಿದೂಗಿಸಬಲ್ಲದ್ದು ಕೆಲವೇ ನೂರು ಗ್ರಾಂ. ಆದ್ದರಿಂದ ದಾರಿಯಲ್ಲಿ ಸಿಗಬಹುದಾದ ಅತಿ ಹಗುರ ಮತ್ತು ಅತಿ ಭಾರದ ನೀರು ಎರಡಕ್ಕೂ ಲೆಕ್ಕ ಹಾಕಿಯೇ ಸೀಸದ ತುಂಡು ಜೋಡಿಸಬೇಕು. ತೀರಾ ಹಗುರಾದರೆ ಹಿಮದ ತಳಕ್ಕೆ ಒತ್ತಿಕೊಂಡು ನಿಂತುಬಿಡುತ್ತದೆ.

ಒಡಲು ಮುಚ್ಚುವುದು ಬೆಚ್ಚಗಿನ ಒಣ ಕೋಣೆಯಲ್ಲೇ ಆಗಲಿ. ಚಳಿಗೆ ಓ-ರಿಂಗಿನ (ಕೀಲಿನಲ್ಲಿ ನೀರು ತಡೆಯುವ ಬಳೆಯ) ರಬ್ಬರ್ ಗಡುಸಾಗುತ್ತದೆ; ಅದರಡಿ ಒಂದು ಕೂದಲು ಸಿಕ್ಕಿದರೂ ಸೋರುತ್ತದೆ. ಒಳಗಿನ ಗಾಳಿಯನ್ನು ಸ್ವಲ್ಪ ಎಳೆದು, ಒತ್ತಡ ಬರೆದಿಟ್ಟು, ಮಾರನೆಯ ದಿನ ಅದೇ ಉಷ್ಣತೆಯಲ್ಲಿ ಮತ್ತೆ ಓದಿ. ಉಷ್ಣತೆ ಬೇರೆಯಾದರೆ ಒತ್ತಡವೂ ಬದಲಾಗಿ, ಸೋರದಿದ್ದರೂ ಸೋರಿದಂತೆ ಕಾಣುತ್ತದೆ. ನೀರಿನ ಉಪ್ಪಿನಂಶ, ಉಷ್ಣತೆ, ಆಳ ಅಳೆಯುವ ಸಿಟಿಡಿ ಸೆನ್ಸರಿನ ಗಾಜಿನ ಕೊಳವೆಯಲ್ಲಿ ಉಳಿದ ನೀರು ಡೆಕ್ ಮೇಲೆ ಹೆಪ್ಪುಗಟ್ಟಿದರೆ ಗಾಜು ಸೀಳುತ್ತದೆ.

ನೀರೊಳಗೆ ಜಿಪಿಎಸ್ ಇಲ್ಲ, ಕಾಂತ ಧ್ರುವದ ಹತ್ತಿರ ದಿಕ್ಸೂಚಿಯನ್ನೂ ನಂಬಲಾಗದು. ಲಂಗರು ಹಾಕಿದ 780 ಹರ್ಟ್ಸ್ ಧ್ವನಿಮೂಲಗಳಿಂದ ಸದ್ದು ಬಂದು ಮುಟ್ಟುವ ಸಮಯ ಅಳೆದು ಸ್ಥಾನ ಹಿಡಿಯುತ್ತೇವೆ. ಗಡಿಯಾರ ಒಂದೇ ಸೆಕೆಂಡ್ ಸರಿದರೂ ದೂರ ಸುಮಾರು ಒಂದೂವರೆ ಕಿಲೋಮೀಟರ್ ತಪ್ಪುತ್ತದೆ. ಇಳಿಸುವ ಮುನ್ನ ಗಡಿಯಾರ ಹೊಂದಿಸುವುದನ್ನು ಯಾವ ಅವಸರದಲ್ಲೂ ಬಿಡಬಾರದು.

ಸಮುದ್ರದ ತೇಲುಹಿಮಕ್ಕೆ ಬೇರೆ ಉಪಾಯವಿದೆ. ಅಂಟಾರ್ಕ್ಟಿಕಾದ ವೆಡೆಲ್ ಸಮುದ್ರದ ಆರ್ಗೊ ಫ್ಲೋಟುಗಳು (ಪ್ರವಾಹದೊಡನೆ ತೇಲುತ್ತಾ ಮುಳುಗಿ ಏಳುವ ಅಳತೆ ಯಂತ್ರಗಳು) 50ರಿಂದ 20 ಮೀಟರ್ ಆಳದ ನಡುವಿನ ಮಧ್ಯಾಂಕ ಉಷ್ಣತೆ −1.79 ಡಿಗ್ರಿಗಿಂತ ಕೆಳಗಿದ್ದರೆ ಮೇಲೆ ಹಿಮವಿದೆಯೆಂದು ತಿಳಿದು ಮತ್ತೆ ಆಳಕ್ಕೆ ಹಿಂದಿರುಗುತ್ತವೆ. ಬೇರೆ ಸಮುದ್ರಕ್ಕೆ ಈ ಅಂಕಿಯನ್ನು ಹೊಸದಾಗಿ ಕಂಡುಕೊಳ್ಳಬೇಕು.

ಡಾಟ್ಸನ್ ಐಸ್ ಶೆಲ್ಫ್ ಇರುವ ಅಮುಂಡ್ಸನ್ ಸಮುದ್ರದ ಆಳದ ನೀರು ಸುಮಾರು +1 ಡಿಗ್ರಿ. ಸಾವಿರ ಮೀಟರ್ ಆಳದಲ್ಲಿ ಒತ್ತಡದಿಂದ ಹೆಪ್ಪುಗಟ್ಟುವ ಬಿಂದು ಸುಮಾರು −2.6ಕ್ಕೆ ಇಳಿಯುವುದರಿಂದ ಅಲ್ಲಿ ಹಿಮ ಕರಗಿಸಲು ಮೂರೂವರೆ ಡಿಗ್ರಿಯ ಶಾಖ ಸಿಗುತ್ತದೆ. ಈ ಅಂತರವನ್ನು ಹಿಮದ ತಳದುದ್ದಕ್ಕೂ ಅಳೆಯುವುದೇ ನಮ್ಮ ಗುರಿ. ಅದಕ್ಕಾಗಿ ಹೊರಡುವ ಮುನ್ನವೂ ಮರಳಿದ ಮೇಲೂ ಹಡಗಿನ ಸಿಟಿಡಿಯ ಪಕ್ಕದಲ್ಲೇ ಗ್ಲೈಡರನ್ನು ಮುಳುಗಿಸಿ ಎರಡರ ಓದನ್ನೂ ತಾಳೆ ನೋಡುತ್ತೇವೆ.