ಕಾರಿನ ಫ್ಯೂಯಲ್ ಪಂಪ್: ಅಳೆದು ನೋಡಿ, ಆಮೇಲೆ ಬದಲಿಸಿದೆ

ಏರು ರಸ್ತೆಯಲ್ಲಿ ಮೂರನೇ ಗೇರಿನಲ್ಲಿ ಹೋಗುತ್ತಿದ್ದೆ. ಎಕ್ಸಲರೇಟರ್ ಒತ್ತಿದಷ್ಟೂ ಕಾರನ್ನು ಯಾರೋ ಹಿಂದಿನಿಂದ ಹಿಡಿದು ಎಳೆದ ಹಾಗೆ ಆಗುತ್ತಿತ್ತು. ಕಾಲು ಸ್ವಲ್ಪ ಎತ್ತಿದರೆ ಸರಿಹೋಗುತ್ತಿತ್ತು, ಮತ್ತೆ ಒತ್ತಿದರೆ ಜರ್ಕ್. ಏರು ಮುಗಿದು ಸಮತಟ್ಟಾದ ರಸ್ತೆಗೆ ಬಂದ ಮೇಲೆ ಏನೂ ಆಗದ ಹಾಗೆ ಓಡಿತು.

ಅದಕ್ಕೂ ಮೊದಲೇ ಸೂಚನೆಗಳು ಬಂದಿದ್ದವು. ಬೆಳಿಗ್ಗೆ ಸೆಲ್ಫ್ ಹೊಡೆದರೆ ಮೊದಲಿಗಿಂತ ಜಾಸ್ತಿ ಹೊತ್ತು ತಿರುಗಿಸಬೇಕಾಗುತ್ತಿತ್ತು. ಹಿಂದಿನ ಸೀಟಿನ ಕಡೆಯಿಂದ ಸಣ್ಣಗೆ ಗುಂಯ್ ಅನ್ನುವ ಸದ್ದು ಕೇಳುತ್ತಿತ್ತು. ಒಂದು ದಿನ ಬಿಸಿಲಲ್ಲಿ ಗಂಟೆಗಟ್ಟಲೆ ಓಡಿಸಿ ನಿಲ್ಲಿಸಿದೆ. ಮತ್ತೆ ಕೀ ತಿರುಗಿಸಿದರೆ ಇಂಜಿನ್ ಹಿಡಿಯಲೇ ಇಲ್ಲ. ಟ್ಯಾಂಕಿನ ಅಡಿಗೆ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ಎರಡು ಏಟು ಕೊಟ್ಟೆ, ಸ್ಟಾರ್ಟ್ ಆಯಿತು! ಪಂಪ್ ಮೇಲೆ ನನಗೆ ಅನುಮಾನ ಗಟ್ಟಿಯಾಗಿದ್ದು ಅವತ್ತು.

ಆದರೆ ಅನುಮಾನ ಬಂತು ಅಂತ ಪಂಪ್ ಕೊಂಡು ತರಲಿಲ್ಲ. ಪಿಕಪ್ ಇಲ್ಲದಿರುವುದಕ್ಕೆ ಪ್ಲಗ್, ಕಾಯಿಲ್, ಗಾಳಿ ಅಳೆಯುವ ಸೆನ್ಸರ್, ಕಟ್ಟಿಕೊಂಡ ಸೈಲೆನ್ಸರ್, ಹೀಗೆ ಹತ್ತು ಕಾರಣ ಇರಬಹುದು. ಅಳೆಯದೆ ಬದಲಿಸಿದರೆ ದುಡ್ಡೂ ಹೋಗುತ್ತದೆ, ತೊಂದರೆಯೂ ಉಳಿಯುತ್ತದೆ. ಇದು ನನ್ನ ಗಟ್ಟಿಯಾದ ಅಭಿಪ್ರಾಯ.

ಪಂಪ್ ಏನು ಮಾಡುತ್ತದೆ ಅಂತ ಸ್ವಲ್ಪ ಹೇಳುತ್ತೇನೆ. ಸಾಮಾನ್ಯ ಪೆಟ್ರೋಲ್ ಇಂಜೆಕ್ಷನ್ ಕಾರುಗಳಲ್ಲಿ ಇದು ಟ್ಯಾಂಕಿನ ಒಳಗೇ, ಪೆಟ್ರೋಲಿನಲ್ಲಿ ಮುಳುಗಿರುವ ಸಣ್ಣ ಎಲೆಕ್ಟ್ರಿಕ್ ಮೋಟಾರ್. ಟ್ಯಾಂಕಿನಿಂದ ಇಂಜಿನ್‌ಗೆ ಪೆಟ್ರೋಲ್ ತಳ್ಳುವುದು ಇದರ ಕೆಲಸ. ಪೆಟ್ರೋಲ್ ಮೋಟಾರಿನ ಮೂಲಕವೇ ಹಾದು ಹೋಗುತ್ತದೆ, ಅದನ್ನು ತಂಪಾಗಿಯೂ ಇಡುತ್ತದೆ. ಹಾಗಾಗಿ ಯಾವಾಗಲೂ ರಿಸರ್ವ್‌ನಲ್ಲೇ ಓಡಿಸಿದರೆ ಪಂಪ್ ಬಿಸಿಯಾಗಿ ಬೇಗ ಸವೆಯುತ್ತದೆ. ಇದು ಕೊಡುವ ಒತ್ತಡ ಬಹುತೇಕ ಕಾರುಗಳಲ್ಲಿ 3ರಿಂದ 4 ಬಾರ್ ಇರುತ್ತದೆ (ಬಾರ್ ಅಂದರೆ ಒತ್ತಡ ಅಳೆಯುವ ಮಾನ). ಐಡಲ್‌ನಲ್ಲಿ, ಅಂದರೆ ಎಕ್ಸಲರೇಟರ್ ಒತ್ತದೆ ಇಂಜಿನ್ ಸುಮ್ಮನೆ ಓಡುವಾಗ, ಅದಕ್ಕೆ ಬೇಕಾದ ಪೆಟ್ರೋಲ್ ತೀರಾ ಕಡಿಮೆ. ಸೋತ ಪಂಪ್ ಕೂಡ ಅಷ್ಟನ್ನು ಕೊಟ್ಟುಬಿಡುತ್ತದೆ. ಏರಿನಲ್ಲಿ, ಓವರ್‌ಟೇಕ್ ಮಾಡುವಾಗ ಜಾಸ್ತಿ ಬೇಕು, ಆಗ ಅದರ ಕೈಲಾಗುವುದಿಲ್ಲ. ಮನೆ ಮುಂದೆ ನಿಲ್ಲಿಸಿ ರೇಸ್ ಕೊಟ್ಟು ನೋಡಿದರೆ ತೊಂದರೆ ಕಾಣದಿರುವುದು ಇದಕ್ಕೇ.

ಮೊದಲು, ಕಾರಿನ ಕಂಪ್ಯೂಟರಿನಲ್ಲಿರುವ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿದೆ. ಪಿ0171 ಕೋಡ್ ಬಂದಿತ್ತು. ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಿಗುತ್ತಿಲ್ಲ ಅಂತ ಅರ್ಥ. ಕೋಡ್ ಅಷ್ಟನ್ನೇ ಹೇಳುತ್ತದೆ, ಪಂಪ್ ಕೆಟ್ಟಿದೆ ಅಂತ ಹೇಳುವುದಿಲ್ಲ. ನನಗೆ ಹೆಚ್ಚು ಉಪಯೋಗಕ್ಕೆ ಬಂದಿದ್ದು ಫ್ಯೂಯಲ್ ಟ್ರಿಮ್. ಕಡಿಮೆ ಬೀಳುವ ಪೆಟ್ರೋಲನ್ನು ತುಂಬಲು ಕಾರಿನ ಕಂಪ್ಯೂಟರ್ ಶೇಕಡ ಎಷ್ಟು ಹೆಚ್ಚಿಗೆ ಕೊಡುತ್ತಿದೆ ಅನ್ನುವ ಲೆಕ್ಕ ಅದು. ಎಲ್ಲೋ ಗಾಳಿ ಸೋರುತ್ತಿದ್ದರೆ ಈ ಸಂಖ್ಯೆ ಐಡಲ್‌ನಲ್ಲಿ ಜಾಸ್ತಿ ಇದ್ದು, ಆರ್‌ಪಿಎಂ (ಇಂಜಿನ್ ತಿರುಗುವ ವೇಗ) ಏರಿದಂತೆ ಇಳಿಯುತ್ತದೆ. ನನ್ನ ಕಾರಿನಲ್ಲಿ ಉಲ್ಟಾ. ಐಡಲ್‌ನಲ್ಲಿ 6 ಇದ್ದದ್ದು, ಲೋಡ್ ಬಿದ್ದಾಗ 22ಕ್ಕೆ ಹೋಯಿತು. ಪೆಟ್ರೋಲ್ ಸಾಕಷ್ಟು ಬರುತ್ತಿಲ್ಲ ಅನ್ನುವುದರ ಕಡೆಗೇ ಇದು ಬೆರಳು ತೋರಿಸುತ್ತಿತ್ತು. ಗಾಳಿ ಅಳೆಯುವ ಸೆನ್ಸರ್ ತಪ್ಪು ಹೇಳಿದರೂ ಹೀಗಾಗಬಹುದು, ಹಾಗಾಗಿ ಒತ್ತಡ ಅಳೆಯುವುದು ಬಾಕಿ ಇತ್ತು.

ಕೀ ಆನ್ ಮಾಡಿದ ತಕ್ಷಣ ಹಿಂದಿನಿಂದ ಸುಮಾರು ಎರಡು ಸೆಕೆಂಡ್ ಪಂಪ್ ಸದ್ದು ಕೇಳಬೇಕು. ಕೇಳದಿದ್ದರೆ ಮೊದಲು ಫ್ಯೂಸ್, ಆಮೇಲೆ ರಿಲೇ (ಪಂಪಿಗೆ ಕರೆಂಟ್ ಬಿಡುವ ಸ್ವಿಚ್) ನೋಡಿ. ಅದೇ ನಂಬರಿನ ರಿಲೇ ಹಾರ್ನ್‌ಗೂ ಇದ್ದರೆ ಅದನ್ನು ಇಲ್ಲಿಗೆ ಹಾಕಿ ನೋಡುವುದು ಸುಲಭ. ನನ್ನದರಲ್ಲಿ ಸದ್ದು ಬರುತ್ತಿತ್ತು. ಆದರೆ ಸದ್ದು ಬಂದರೆ ಮೋಟಾರ್ ತಿರುಗುತ್ತಿದೆ ಅಂತ ಮಾತ್ರ ಗೊತ್ತಾಗುತ್ತದೆ, ಒತ್ತಡ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ.

ಇಂಜಿನ್ ಮೇಲಿನ ಫ್ಯೂಯಲ್ ರೇಲ್‌ನಲ್ಲಿ (ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಪೈಪ್) ಟೈರಿನ ವಾಲ್ವ್ ತರಹದ ಒಂದು ವಾಲ್ವ್ ಇತ್ತು. ಎಲ್ಲ ಕಾರುಗಳಲ್ಲಿ ಇದು ಇರುವುದಿಲ್ಲ. ಇಲ್ಲದಿದ್ದರೆ ಪೈಪಿನ ನಡುವೆ T ಆಕಾರದ ಜಾಯಿಂಟ್ ಹಾಕಿ ಅಳೆಯಬೇಕು. ನನ್ನ ಕಾರಿಗೆ ಸರ್ವಿಸ್ ಮ್ಯಾನುವಲ್ ಪ್ರಕಾರ 3.5 ಬಾರ್ ಬೇಕು. ಆ ವಾಲ್ವ್‌ಗೆ ಒತ್ತಡ ಅಳೆಯುವ ಗೇಜ್ ಜೋಡಿಸಿದಾಗ ಐಡಲ್‌ನಲ್ಲಿ 3.2 ತೋರಿಸಿತು. ಇಷ್ಟಕ್ಕೇ ನಿಲ್ಲಿಸಿದ್ದರೆ ಪಂಪ್ ಪರವಾಗಿಲ್ಲ ಅಂತ ಬಿಟ್ಟುಬಿಡುತ್ತಿದ್ದೆ. ಉದ್ದ ಪೈಪಿನ ಗೇಜನ್ನು ಬಾನೆಟ್ ಸಂದಿಯಿಂದ ಹೊರಗೆ ತಂದು, ಮುಂದಿನ ಗಾಜಿನ ಹೊರಬದಿಗೆ ಭದ್ರವಾಗಿ ಟೇಪ್ ಹಾಕಿದೆ. ಗೇಜನ್ನು ಯಾವ ಕಾರಣಕ್ಕೂ ಕಾರಿನ ಒಳಗೆ ತರಬಾರದು, ಅದರೊಳಗೆ ಪೆಟ್ರೋಲ್ ಇರುತ್ತದೆ. ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು ಅದೇ ಏರು ಹತ್ತಿದೆ. ಅವರು ಓದಿ ಹೇಳಿದ್ದು 2.1 ಬಾರ್. ಇಂಜಿನ್ ಆಫ್ ಮಾಡಿದ ಮೇಲೆ ಐದು ನಿಮಿಷದಲ್ಲಿ ಮುಳ್ಳು ಸೊನ್ನೆಯ ಹತ್ತಿರಕ್ಕೆ ಬಂತು. ಪಂಪಿನೊಳಗಿನ ಚೆಕ್ ವಾಲ್ವ್ ಪೆಟ್ರೋಲನ್ನು ಹಿಡಿದಿಡದಿದ್ದರೆ ಹೀಗಾಗುತ್ತದೆ. ಬೆಳಿಗ್ಗೆ ಜಾಸ್ತಿ ಹೊತ್ತು ಸೆಲ್ಫ್ ಹೊಡೆಯಬೇಕಾಗಿ ಬಂದಿದ್ದಕ್ಕೂ ಇದೇ ಕಾರಣ ಇರಬಹುದು ಅನ್ನಿಸಿತು.

ಇಷ್ಟಾದ ಮೇಲೂ ಇನ್ನೊಂದು ಅಳತೆ ಉಳಿದಿತ್ತು. ಹೆಚ್ಚಿನವರು ಬಿಡುವುದು ಇದನ್ನೇ. ಪಂಪಿಗೆ ಕರೆಂಟ್ ಪೂರ್ತಿ ಬರುತ್ತಿದೆಯಾ? ಹಿಂದಿನ ಸೀಟು ಎತ್ತಿ, ಪಂಪ್ ಕನೆಕ್ಟರಿನ ಹಿಂಭಾಗದಿಂದ ಮಲ್ಟಿಮೀಟರ್ ಕಡ್ಡಿ ತಾಗಿಸಿದೆ. ಇಂಜಿನ್ ಓಡುತ್ತಿತ್ತು. ಬ್ಯಾಟರಿಯಲ್ಲಿ 14.1 ವೋಲ್ಟ್, ಪಂಪಿನಲ್ಲಿ ಬರೀ 11.2. ಸುಮಾರು 3 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತಿತ್ತು! ಪಂಪಿನ ಅರ್ತ್ ವೈರ್ ಮತ್ತು ಬ್ಯಾಟರಿ ನೆಗೆಟಿವ್ ನಡುವೆ ಅಳೆದಾಗ 2.3 ವೋಲ್ಟ್ ತೋರಿಸಿತು. ಅಲ್ಲಿ ಅರ್ಧ ವೋಲ್ಟ್ ಕೂಡ ಇರಬಾರದು. ವೈರ್ ಹಿಡಿದುಕೊಂಡು ಹೋದೆ. ಮ್ಯಾಟ್ ಕೆಳಗೆ ಅದನ್ನು ಕಾರಿನ ತಗಡಿಗೆ ಕೂರಿಸಿದ ಬೋಲ್ಟ್ ತುಕ್ಕು ಹಿಡಿದಿತ್ತು. ಬಿಚ್ಚಿ, ಉಜ್ಜಿ, ಬಿಗಿ ಮಾಡಿದೆ. ಪಂಪಿನಲ್ಲಿ 13.5 ವೋಲ್ಟ್ ಬಂತು.

ಆಮೇಲೆ ಅದೇ ಏರು ಹತ್ತಿದರೆ 2.1 ಇದ್ದದ್ದು 2.6 ಆಗಿತ್ತು. ಕಾರು ಎಷ್ಟೋ ಸುಧಾರಿಸಿತು. ಇಷ್ಟು ಸಾಕು, ಹೀಗೇ ಓಡಿಸೋಣ ಅಂತ ಮನಸ್ಸು ಹೇಳಿತು. ಆದರೆ ಪೂರ್ತಿ ಕರೆಂಟ್ ಸಿಕ್ಕರೂ 3.5 ಕೊಡಲಾಗದ ಪಂಪ್, ಬಿಸಿಯಾದಾಗ ನಿಂತುಹೋಗುವ ಪಂಪ್, ಇವತ್ತಲ್ಲ ನಾಳೆ ನಡುರಸ್ತೆಯಲ್ಲಿ ಕೈಕೊಡುತ್ತದೆ. ಬದಲಿಸುವುದು ಅಂತ ತೀರ್ಮಾನ ಮಾಡಿದೆ.

ಒಂದು ಮಾತು ಇಲ್ಲೇ ಹೇಳಬೇಕು. ನಾನು ಹೇಳುತ್ತಿರುವುದು ಟ್ಯಾಂಕಿನೊಳಗಿನ ಕಡಿಮೆ ಒತ್ತಡದ ಪಂಪಿನ ಬಗ್ಗೆ. ಡೀಸೆಲ್ ಕಾಮನ್ ರೇಲ್‌ನಲ್ಲಿ ಒತ್ತಡ 1000 ಬಾರ್ ದಾಟುತ್ತದೆ. ನೇರ ಇಂಜೆಕ್ಷನ್ ಇರುವ ಪೆಟ್ರೋಲ್ ಇಂಜಿನ್‌ನ ಮೇಲೂ ಇನ್ನೊಂದು ಜಾಸ್ತಿ ಒತ್ತಡದ ಪಂಪ್ ಇರುತ್ತದೆ. ಆ ಪೈಪುಗಳನ್ನು ಮನೆಯಲ್ಲಿ ಬಿಚ್ಚಲೇಬೇಡಿ.

ಟ್ಯಾಂಕ್ ಕಾಲು ಭಾಗಕ್ಕಿಂತ ಕೆಳಗೆ ಇಳಿಯುವವರೆಗೆ ಕಾದೆ. ತುಂಬಿದ ಟ್ಯಾಂಕಿನ ಬಾಯಿ ತೆರೆದರೆ ಪೆಟ್ರೋಲ್ ಚೆಲ್ಲುತ್ತದೆ. ಪಂಪಿನ ಫ್ಯೂಸ್ ತೆಗೆದು ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿದೆ, ಪೈಪಿನಲ್ಲಿದ್ದ ಒತ್ತಡ ಇಳಿಯಿತು. ಆಮೇಲೆ ಬ್ಯಾಟರಿ ನೆಗೆಟಿವ್ ಬಿಚ್ಚಿದೆ. ಕಾರು ಬಯಲಲ್ಲಿ ನಿಂತಿತ್ತು, ನಾಲ್ಕೂ ಬಾಗಿಲು ತೆರೆದಿದ್ದವು, ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವ ಹಾಗಿತ್ತು. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಅದು ಕಾರಿನ ನೆಲದಲ್ಲಿ, ಗುಂಡಿಗಳಲ್ಲಿ ಕೂತು ಕಾಯುತ್ತಿರುತ್ತದೆ. ಒಂದು ಕಿಡಿ ಸಾಕು. ಮುಚ್ಚಿದ ಗ್ಯಾರೇಜಿನಲ್ಲಿ, ಇನ್ಸ್‌ಪೆಕ್ಷನ್ ಪಿಟ್ ಮೇಲೆ ಈ ಕೆಲಸ ಮಾಡಬೇಡಿ.

ಸೀಟಿನ ಕೆಳಗಿನ ಮುಚ್ಚಳ ತೆಗೆದಾಗ ಪಂಪಿನ ಸುತ್ತ ಬೆರಳು ದಪ್ಪದ ಧೂಳು ಕಾಣಿಸಿತು. ತೆರೆಯುವ ಮೊದಲೇ ಬ್ರಶ್ ಮತ್ತು ವ್ಯಾಕ್ಯೂಮ್‌ನಿಂದ ಪೂರ್ತಿ ತೆಗೆದೆ. ಟ್ಯಾಂಕ್ ತೆರೆದ ಮೇಲೆ ವ್ಯಾಕ್ಯೂಮ್ ಹತ್ತಿರವೂ ತರಬಾರದು, ಅದರ ಮೋಟಾರಿನಲ್ಲಿ ಕಿಡಿ ಬರುತ್ತದೆ. ಪೈಪಿಗೆ ಬಟ್ಟೆ ಸುತ್ತಿ, ಕ್ಲಿಪ್ಪನ್ನು ಸ್ವಲ್ಪ ಒಳಕ್ಕೆ ಒತ್ತಿ, ಆಮೇಲೆ ಎಳೆದೆ. ದೊಡ್ಡ ಲಾಕ್ ರಿಂಗ್ ಬಿಚ್ಚುವ ಮೊದಲು ಮುಚ್ಚಳ ಮತ್ತು ಟ್ಯಾಂಕ್ ಎರಡರ ಮೇಲೂ ಮಾರ್ಕರ್‌ನಿಂದ ಒಂದು ಗೆರೆ ಎಳೆದೆ. ರಿಂಗಿಗೆ ಮರದ ತುಂಡು ಇಟ್ಟು ರಬ್ಬರ್ ಸುತ್ತಿಗೆಯಿಂದ ತಟ್ಟಿದೆ. ಕಬ್ಬಿಣದ ಉಳಿ ಇಲ್ಲಿ ಬೇಡ.

ಪಂಪ್ ಕೂತಿರುವ ಘಟಕವನ್ನು ನೇರವಾಗಿ ಎತ್ತಬಾರದು. ಪೆಟ್ರೋಲ್ ಮಟ್ಟ ತೋರಿಸುವ ತೇಲುವ ಕಡ್ಡಿ ಒಳಗೆ ಸಿಕ್ಕಿ ಬಾಗುತ್ತದೆ. ವಾರೆ ಮಾಡಿ, ತಿರುಗಿಸುತ್ತಾ, ನಿಧಾನಕ್ಕೆ ತೆಗೆದೆ. ಕೆಳಗಿನ ಜಾಲರಿ ಕಂದು ಬಣ್ಣಕ್ಕೆ ತಿರುಗಿತ್ತು. ಕನೆಕ್ಟರಿನ ಒಂದು ಪಿನ್ ಸುಟ್ಟು ಕಪ್ಪಾಗಿತ್ತು.

ಪೂರ್ತಿ ಘಟಕ ಹಾಕಬಹುದಿತ್ತು. ನನ್ನದರ ಮುಚ್ಚಳ, ಲೆವೆಲ್ ಸೆನ್ಸರ್ ಚೆನ್ನಾಗಿದ್ದವು. ಹಾಗಾಗಿ ಪಂಪ್, ಜಾಲರಿ, ಒಳಗಿನ ಪೈಪ್, ಕ್ಲಾಂಪ್, ಕನೆಕ್ಟರ್, ಸೀಲ್ ಇಷ್ಟನ್ನು ಹೊಸದು ಹಾಕಿದೆ. ಒಳಗಿನ ಪೈಪ್ ವಿಷಯದಲ್ಲಿ ಹುಷಾರು. ಸಾಮಾನ್ಯ ಪೆಟ್ರೋಲ್ ಪೈಪಿನ ಹೊರಮೈ ಮುಳುಗಿರಲು ಮಾಡಿದ್ದಲ್ಲ, ಟ್ಯಾಂಕಿನೊಳಗೆ ಅದು ಉಬ್ಬಿ ಸೀಳುತ್ತದೆ. ಮುಳುಗಿರಲೆಂದೇ ಮಾಡಿದ ಪೈಪ್ ಬೇರೆ ಇದೆ, ಅದರ ಮೇಲೆ 30R10 ಅಂತ ಬರೆದಿರುತ್ತದೆ. ಹೊಸ ಪಂಪನ್ನು ಕೈಯಲ್ಲಿ ಹಿಡಿದು ಬ್ಯಾಟರಿಗೆ ತಾಗಿಸಿ ನೋಡುವ ಆಸೆ ಆಗುತ್ತದೆ. ಬೇಡ. ಪೆಟ್ರೋಲ್ ಇಲ್ಲದೆ ತಿರುಗಿದರೆ ಅದಕ್ಕೆ ಪೆಟ್ಟು ಬೀಳುತ್ತದೆ, ಕಿಡಿಯ ಭಯ ಬೇರೆ.

ಹಳೆಯ ಸೀಲ್ ಹೊರಗೆ ಬಂದ ಸ್ವಲ್ಪ ಹೊತ್ತಿಗೆ ಉಬ್ಬಿ ದೊಡ್ಡದಾಗಿತ್ತು, ತನ್ನ ಜಾಗದಲ್ಲಿ ಕೂರುತ್ತಲೇ ಇರಲಿಲ್ಲ. ಹೊಸದು ಮೊದಲೇ ತಂದಿಟ್ಟುಕೊಂಡಿದ್ದರಿಂದ ಕೆಲಸ ನಿಲ್ಲಲಿಲ್ಲ.

ಜೋಡಿಸಿದ ಮೇಲೆ ತಕ್ಷಣ ಸೆಲ್ಫ್ ಹೊಡೆಯಲಿಲ್ಲ. ಆವಿ ಹೋಗಲಿ ಅಂತ ಅರ್ಧ ಗಂಟೆ ಬಿಟ್ಟು, ಬ್ಯಾಟರಿ ಮತ್ತು ಫ್ಯೂಸ್ ಹಾಕಿದೆ. ಕೀ ಆನ್ ಮಾಡಿ ಎರಡು ಸೆಕೆಂಡ್, ಆಫ್, ಮತ್ತೆ ಆನ್. ಹೀಗೆ ಐದು ಸಲ. ಟಾರ್ಚ್ ಬೆಳಕು ಬಿಟ್ಟು ಪ್ರತಿ ಜಾಯಿಂಟ್ ನೋಡಿದೆ, ಒದ್ದೆ ಇರಲಿಲ್ಲ. ಆಮೇಲೆ ಸ್ಟಾರ್ಟ್ ಮಾಡಿದರೆ ಒಂದೇ ಸಲಕ್ಕೆ ಹಿಡಿಯಿತು.

ಆದರೆ ಪೆಟ್ರೋಲ್ ಮುಳ್ಳು ಅರ್ಧದಲ್ಲೇ ನಿಂತಿತ್ತು. ಟ್ಯಾಂಕಿನಲ್ಲಿ ಕಾಲು ಭಾಗವೂ ಇರಲಿಲ್ಲ. ರಿಂಗ್ ಬಿಗಿಯುವಾಗ ಮುಚ್ಚಳ ಜೊತೆಗೇ ಸ್ವಲ್ಪ ತಿರುಗಿತ್ತು, ತೇಲುವ ಕಡ್ಡಿ ಒಳಗಿನ ತಡೆಗೋಡೆಗೆ ತಾಗುತ್ತಿತ್ತು. ಮತ್ತೆ ಒತ್ತಡ ಇಳಿಸಿ, ಬ್ಯಾಟರಿ ಬಿಚ್ಚಿ, ರಿಂಗ್ ತೆಗೆದು, ಮಾರ್ಕರ್ ಗೆರೆಗೆ ಗೆರೆ ಕೂಡಿಸಿ, ಒಂದು ಕೈಯಲ್ಲಿ ಮುಚ್ಚಳ ಒತ್ತಿ ಹಿಡಿದು ಬಿಗಿದೆ. ಸರಿಹೋಯಿತು.

ಅವತ್ತೇ ಟ್ಯಾಂಕ್ ಫುಲ್ ಮಾಡಿಸಿದೆ. ಪೆಟ್ರೋಲ್ ಕೆಳಗಿದ್ದಾಗ ಮೇಲಿನ ಸೀಲ್ ಒದ್ದೆಯೇ ಆಗುವುದಿಲ್ಲ, ಸೋರಿದರೂ ಗೊತ್ತಾಗುವುದಿಲ್ಲ ಅಲ್ವಾ? ತುಂಬಿದ ಟ್ಯಾಂಕಿನಲ್ಲಿ ನಾಲ್ಕು ತಿರುವು ಹಾಕಿ ಬಂದು ಸೀಟು ಎತ್ತಿ ನೋಡಿದೆ. ಒಣಗಿತ್ತು, ವಾಸನೆಯೂ ಇಲ್ಲ. ಅದೇ ಏರಿನಲ್ಲಿ ಗೇಜ್ 3.4 ಬಾರ್ ತೋರಿಸಿತು. ಆಫ್ ಮಾಡಿ ಇಪ್ಪತ್ತು ನಿಮಿಷ ಆದರೂ 3ರ ಮೇಲೇ ಇತ್ತು. ಲೋಡ್‌ನಲ್ಲಿ 22 ಇದ್ದ ಟ್ರಿಮ್ 3ಕ್ಕೆ ಇಳಿಯಿತು.

ಹಳೆಯ ಪಂಪನ್ನು ಕೆಲವು ದಿನ ಗಾಳಿಯಲ್ಲಿ ಒಣಗಿಸಿ, ಕೈಗರಗಸದಿಂದ ಕೊಯ್ದು ನೋಡಿದೆ. ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟ್ ದಾಟಿಸುವ ಎರಡು ಕಾರ್ಬನ್ ಬ್ರಶ್‌ಗಳಲ್ಲಿ ಒಂದು ಓರೆಯಾಗಿ ಸವೆದು ಮೊಂಡಾಗಿತ್ತು, ಸ್ಪ್ರಿಂಗ್ ಅದನ್ನು ಪೂರ್ತಿ ಒತ್ತುತ್ತಿರಲಿಲ್ಲ. ಬ್ರಶ್ ಉಜ್ಜುವ ತಾಮ್ರದ ಮೇಲೆ ಆಳವಾದ ಗೀರುಗಳಿದ್ದವು. ಅವತ್ತು ಬಿಸಿಲಲ್ಲಿ ಟ್ಯಾಂಕಿಗೆ ಎರಡು ಏಟು ಕೊಟ್ಟಾಗ ಅಲುಗಿ ಮತ್ತೆ ತಾಮ್ರಕ್ಕೆ ತಾಗಿದ್ದು ಆ ಮೊಂಡು ಬ್ರಶ್.